ಬೆಕ್ಕು ಕ್ಷಮಿಸಿತೆ?

ಸಾಕುಪ್ರಾಣಿಗಳ ಮಾತು ಬಂದರೆ ಸಾಕು, ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ಒಂದೊಂದು ಕಥೆ ಇರುತ್ತದೆ. ಒಬ್ಬರ ನಾಯಿ ಯಜಮಾನರು ಆಫೀಸಿನಿಂದ ಬರುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ಕೂರುತ್ತದೆ. ಇನ್ನೊಬ್ಬರ ಹಸು ಮನೆಯಾಕೆ ತವರಿಗೆ ಹೋದರೆ ಹಾಲನ್ನೇ ಇಳಿಸುವುದಿಲ್ಲ. ಇವೆಲ್ಲ ನಿಜವೇ ಇರಬಹುದು. ಆದರೆ ಈ ಕಥೆಗಳನ್ನು ಹೇಳುವಾಗ ನಮ್ಮ ಮುಖದಲ್ಲಿ ಮೂಡುವ ಹೆಮ್ಮೆಯನ್ನು ಗಮನಿಸಿದ್ದೀರಾ? ಪ್ರಾಣಿಯ ಪ್ರೀತಿಯನ್ನು ಹೊಗಳುವ ನೆವದಲ್ಲಿ, ಆ ಪ್ರೀತಿಗೆ ಪಾತ್ರರಾದ ನಮ್ಮನ್ನೇ ನಾವು ಹೊಗಳಿಕೊಳ್ಳುತ್ತಿರುತ್ತೇವೆ. ನನ್ನ ಬಳಿಯೂ ಅಂಥದೊಂದು ಕಥೆ ಇದೆ. ಬಹುಕಾಲ ನಾನೂ ಅದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಈಗ ಹಾಗೆ ಹೇಳಲಾರೆ.

ನನಗೆ ಆಗ ಹನ್ನೆರಡು ವರ್ಷ. ನಂಜನಗೂಡಿನಲ್ಲಿ ದೇವಸ್ಥಾನಕ್ಕೆ ಹತ್ತಿರದ ಒಂದು ಹೆಂಚಿನ ಮನೆಯಲ್ಲಿದ್ದೆವು. ಮನೆಯಲ್ಲಿ ಪುಟ್ಟಿ ಎಂಬ ಬೂದುಬಣ್ಣದ ಬೆಕ್ಕೊಂದಿತ್ತು. ಒಂದು ಸೋಮವಾರ ಬೆಳಿಗ್ಗೆ ಅದು ಶ್ರೀಕಂಠೇಶ್ವರನ ಅಭಿಷೇಕಕ್ಕೆಂದು ಎತ್ತಿಟ್ಟಿದ್ದ ಹಾಲಿಗೆ ಬಾಯಿ ಹಾಕಿತು. ಮೊದಲ ಸಲವೇನಲ್ಲ. ಅಮ್ಮನಿಗೆ ತಾಳ್ಮೆ ತಪ್ಪಿತು. "ಈ ಅನಿಷ್ಟಾನ ಹೊಳೆ ಆಚೆ ಬಿಟ್ಟು ಬಾ, ಹೋಗೋ" ಎಂದರು. ಬೆಕ್ಕನ್ನು ಹೊಳೆ ದಾಟಿಸಿದರೆ ತಿರುಗಿ ಬರುವುದಿಲ್ಲವೆಂಬುದು ನಮ್ಮ ಕಡೆಯ ನಂಬಿಕೆ.

ಪುಟ್ಟಿಯನ್ನು ಕರೆದೆ. ಕರೆದೊಡನೆ ಬಂತು, ಅದೇ ಇಂದಿಗೂ ನನ್ನನ್ನು ಚುಚ್ಚುವ ಸಂಗತಿ. ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಹೊರಟೆ. 1735ರಲ್ಲಿ ಕಟ್ಟಿಸಿದ್ದೆಂದು ಹೇಳುವ ಕಪಿಲೆಯ ಹಳೆಯ ಸೇತುವೆಯ ಮೇಲೆ ಆಗ ರೈಲೂ ಓಡುತ್ತಿತ್ತು, ಗಾಡಿಗಳೂ ಓಡುತ್ತಿದ್ದವು. ಅದನ್ನು ದಾಟಿ ಮೈಸೂರು ರಸ್ತೆಯಲ್ಲಿ ಒಂದೂವರೆ ಮೈಲಿ ನಡೆದು, ಒಂದು ಹುಣಸೆಮರದ ಕೆಳಗೆ ಚೀಲದ ಬಾಯಿ ಬಿಚ್ಚಿದೆ. ಬೆಕ್ಕು ಹೊರಬಂದು ಸುತ್ತ ನೋಡಿತು. ನಾನು ಹಿಂದಿರುಗಿ ನೋಡದೆ ಓಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಪುಟ್ಟಿ ಹಿತ್ತಿಲ ಬಾಗಿಲಲ್ಲಿ ಕೂತಿತ್ತು. ಮೈ ಬಡವಾಗಿತ್ತು, ಒಂದು ಕಿವಿ ಹರಿದಿತ್ತು. ನನ್ನನ್ನು ಕಂಡದ್ದೇ ಬಾಲವೆತ್ತಿ ಬಂದು ಕಾಲಿಗೆ ಮೈ ಉಜ್ಜಿತು. ಅಮ್ಮ ಒಂದು ಮಾತೂ ಆಡದೆ ಹಾಲು ಹಾಕಿದರು. ಅಕ್ಕಪಕ್ಕದವರೆಲ್ಲ ಬಂದು ನೋಡಿದರು. "ಮೂಕಪ್ರಾಣಿಗೆ ಇರೋ ದೊಡ್ಡಗುಣ ಮನುಷ್ಯರಿಗಿಲ್ಲ, ಎಲ್ಲಾನೂ ಮರೆತು ಕ್ಷಮಿಸಿಬಿಡ್ತು" ಎಂದರು. ಆ ಮಾತು ನನಗೆ ಅಮೃತದಂತಿತ್ತು.

ಬೆಕ್ಕು ದಾರಿ ಹಿಡಿದು ಬರುವುದು ಪವಾಡವೇನಲ್ಲವೆಂದು ಮುಂದೆ ಓದಿ ತಿಳಿದುಕೊಂಡೆ. 1922ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹೆರಿಕ್ ಎಂಬವರು ಒಂದು ತಾಯಿಬೆಕ್ಕನ್ನು ಮರಿಗಳಿಂದ ಒಂದರಿಂದ ನಾಲ್ಕು ಮೈಲಿ ದೂರ ಒಯ್ದು ಬಿಟ್ಟು ನೋಡಿದರು. ಅದು ಮರಿಗಳಿದ್ದಲ್ಲಿಗೆ ಮರಳಿ ಬಂತು. ಆದರೆ ನನ್ನನ್ನು ಬೆರಗುಗೊಳಿಸಿದ್ದು ಬೆಕ್ಕು ಮರಳಿದ್ದಲ್ಲ, ಆಮೇಲೆ ನಡೆದದ್ದು.

ಕೆಲವು ವಾರಗಳ ಮೇಲೆ ಅಪ್ಪ ಅಕ್ಕಿಯ ಚೀಲ ತಂದು ನಡುಮನೆಯಲ್ಲಿ ಇಳಿಸಿದರು. ಪುಟ್ಟಿ ನನ್ನ ತೊಡೆಯ ಮೇಲೆ ಮಲಗಿತ್ತು. ಚೀಲವನ್ನು ಕಂಡದ್ದೇ ಮೈಯ ರೋಮವೆಲ್ಲ ನಿಮಿರಿ, ನನ್ನ ತೊಡೆಯನ್ನು ಪರಚಿ, ಒಂದೇ ನೆಗೆತಕ್ಕೆ ಅಟ್ಟ ಸೇರಿತು. ಎರಡು ದಿನ ಕೆಳಗಿಳಿಯಲಿಲ್ಲ. ಕಡೆಗೆ ಇಳಿದು ಬಂದದ್ದು ನನ್ನ ಬಳಿಗೇ. ಆ ಮೇಲೆ ಎಂದೂ ಅಷ್ಟೆ. ಖಾಲಿ ಗೋಣಿಚೀಲ ಕಂಡರೂ ಓಟ. ಅದನ್ನು ಹೊತ್ತಿದ್ದ ನನ್ನನ್ನು ಕಂಡರೆ ಅದೇ ಪ್ರೀತಿ.

ಆ ಬೇಸಗೆಯ ರಜದಲ್ಲಿ ತಿರುಮಕೂಡಲು ನರಸೀಪುರದ ಸೋದರತ್ತೆಯ ಮನೆಗೆ ಹೋಗಿದ್ದೆ. ಮಾವ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಅತ್ತೆಯ ಮಾತಿಗೂ ಅಷ್ಟಿಷ್ಟು ಕೋರ್ಟಿನ ವಾಸನೆ ಅಂಟಿತ್ತು. ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕೂತು ಅವರಿಗೆ ಪುಟ್ಟಿಯ ಕಥೆಯನ್ನು ಹೇಳಿದೆ. ಕ್ಷಮಿಸಿತೆಂಬ ಭಾಗವನ್ನು ಸ್ವಲ್ಪ ಒತ್ತಿಯೇ ಹೇಳಿದೆ. ಅತ್ತೆ ನಗಲಿಲ್ಲ. "ಅಲ್ಲವೋ ಮರಿ, ಅದು ನಿನ್ನ ಮೇಲೆ ದೂರೇ ಕೊಟ್ಟಿಲ್ಲ. ಚೀಲದ ಮೇಲೆ ಕೊಟ್ಟಿದೆ. ದೂರೇ ಇಲ್ಲದ ಮೇಲೆ ನಿನಗೆ ಖುಲಾಸೆ ಎಲ್ಲಿಂದ ಬಂತು?" ಎಂದರು.

ಆಗ ನನಗೆ ಸಿಟ್ಟು ಬಂದಿತ್ತು. ಅದರ ಅರ್ಥವಾಗುವುದಕ್ಕೆ ಅರ್ಧ ಆಯುಸ್ಸು ಬೇಕಾಯಿತು.

ಕ್ಷಮೆ ಎಂಬುದು ತಪ್ಪನ್ನು ತಿಳಿದವನು ಕೊಡಬಹುದಾದ ವಸ್ತು. ತನಗೆ ಅನ್ಯಾಯವಾಯಿತು, ಮಾಡಿದವನು ಇವನು, ಆದರೂ ಬಿಟ್ಟಿದ್ದೇನೆ — ಈ ಮೂರೂ ಕೂಡಿದರೆ ಕ್ಷಮೆ. ಪುಟ್ಟಿಗೆ ತಿಳಿದದ್ದು ಕತ್ತಲೆ, ಉಸಿರುಕಟ್ಟು, ಗೋಣಿಯ ವಾಸನೆ. ಅದರ ಲೆಕ್ಕದಲ್ಲಿ ಅಪರಾಧಿ ಚೀಲ. ನನ್ನ ಹೆಸರು ಆ ಲೆಕ್ಕದಲ್ಲಿ ಇರಲೇ ಇಲ್ಲ. ಇಲ್ಲದ ಹೆಸರನ್ನು ಅಳಿಸುವುದು ಹೇಗೆ? ಪುಟ್ಟಿ ನನ್ನ ಕಾಲಿಗೆ ಮೈ ಉಜ್ಜಿದ್ದನ್ನು ನಾನು ರಸೀತಿಯೆಂದು ತಿಳಿದು ಜೇಬಿಗೆ ಹಾಕಿಕೊಂಡಿದ್ದೆ.

ಮಹಾಭಾರತದ ಆದಿಪರ್ವದಲ್ಲಿ ಸರಮೆ ಎಂಬ ದೇವಲೋಕದ ನಾಯಿಯ ಪ್ರಸಂಗವಿದೆ. ಯಾಗಶಾಲೆಗೆ ಬಂದ ಅದರ ಮರಿಯನ್ನು ಜನಮೇಜಯನ ತಮ್ಮಂದಿರು ಹೊಡೆದು ಅಟ್ಟುತ್ತಾರೆ. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. (ನಮ್ಮ ಪುಟ್ಟಿ ನೆಕ್ಕಿತ್ತು, ಅದು ಬೇರೆ ಮಾತು.) ಸರಮೆ ಸಭೆಗೇ ಬಂದು, ಏಕೆ ಹೊಡೆದಿರಿ ಎಂದು ಕೇಳುತ್ತದೆ. ಉತ್ತರ ಕೊಡುವವರಿಲ್ಲ. ಕಾಣದ ಭಯವೊಂದು ನಿಮ್ಮನ್ನು ಮುತ್ತಲಿ ಎಂದು ಅದು ಶಪಿಸುತ್ತದೆ. ನಮ್ಮ ಪುರಾಣಿಕರು ಪ್ರಾಣಿಗೆ ನಾಲಗೆ ಕೊಟ್ಟದ್ದು ಬರಿಯ ವಿನೋದಕ್ಕಲ್ಲ. ಮರಿ ತಾನಾಗಿ ಹೇಳಲಾರದ ದೂರನ್ನು ಯಾರಾದರೂ ಸಭೆಯಲ್ಲಿ ಹೇಳಬೇಕಾಗಿತ್ತು.

ಸಭೆಗೆ ಬದಲು ಇಂದು ಕಾಯಿದೆಯಿದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾನೂನು, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನೂ ಅಪರಾಧವೆಂದು ಎಣಿಸಿತು. ಮೊದಲ ತಪ್ಪಿಗೆ ಅದು ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಹುಣಸೆಮರದ ಕೆಳಗೆ ನಾನು ಮಾಡಿದ್ದಕ್ಕೆ ಇದಿಷ್ಟೇ ಬೆಲೆಯಾದರೆ ಅಗ್ಗವಾಯಿತು. ಆದರೆ ಕಾನೂನಿಗೂ ಒಬ್ಬ ಫಿರ್ಯಾದಿ ಬೇಕಲ್ಲ!

ಒಂದು ಬೆಕ್ಕಿನ ವಿಷಯಕ್ಕೆ ಇಷ್ಟು ಪುರಾಣವೇ ಎಂದು ಓದುಗರು ಕೇಳಬಹುದು. ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯಗಳ ಮುಂದೆ ಇದು ಗುಲಗಂಜಿ ತೂಕದ್ದು. ಒಪ್ಪಿದೆ. ಆದರೆ ನರಸೀಪುರದ ಗುಂಜಾನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದೇ ನಿಂತಿದ್ದಾನೆ. ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೆಂದು ಪ್ರತೀತಿ. ತಕ್ಕಡಿ ವಾಲುವುದಕ್ಕೆ ಅಷ್ಟು ಸಾಕು. ದೂರು ಕೊಡಬಲ್ಲವನಿಗೆ ನ್ಯಾಯ ಸಲ್ಲಿಸುವುದರಲ್ಲಿ ಅವನ ಭಯವೂ ಸೇರಿರಬಹುದು. ದೂರು ಕೊಡಲಾರದ್ದಕ್ಕೆ ಸಲ್ಲಿಸುವ ನ್ಯಾಯದಲ್ಲಿ ನ್ಯಾಯವಲ್ಲದೆ ಬೇರೇನೂ ಇರುವುದಿಲ್ಲ.

ನಂಜನಗೂಡಿನವರಿಗೆ ಇದು ಹೊಸ ಮಾತಾಗಬಾರದು. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಹೋದಾಗ ಅವನು ನಂಜುಂಡೇಶ್ವರನಿಗೆ ಹರಕೆ ಹೊತ್ತನೆಂದೂ, ಕಣ್ಣು ಬಂದಮೇಲೆ ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂದೂ ನಮ್ಮೂರಿನ ಐತಿಹ್ಯ. ಆನೆಗೆ ಸುಲ್ತಾನನೂ ತಿಳಿಯದು, ನಂಜುಂಡನೂ ತಿಳಿಯದು. ನೋವು ಮಾತ್ರ ತಿಳಿದಿತ್ತು. ಅದರ ಬಾಯಾಗಿ ಬೇಡಿದವನು ಒಬ್ಬನಿದ್ದ. ನಾನಾದರೋ ಅದೇ ಊರಿನಲ್ಲಿ, ಅದೇ ಹಕೀಮನ ಹಾಲಿನ ನೆವದಲ್ಲಿ, ಒಂದು ಪ್ರಾಣಿಯ ಬಾಯಿಗೆ ಗೋಣಿಯ ದಾರ ಕಟ್ಟಿದ್ದೆ.

ಪುಟ್ಟಿ ಆಮೇಲೆ ಐದು ವರ್ಷ ನಮ್ಮ ಮನೆಯಲ್ಲಿತ್ತು. ಅಮ್ಮ ಆ ಸೋಮವಾರದ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. ತಪ್ಪಾಯಿತೆಂದೂ ಅನ್ನಲಿಲ್ಲ, ಬೆಕ್ಕು ಕ್ಷಮಿಸಿತೆಂದೂ ಅನ್ನಲಿಲ್ಲ. ಆದರೆ ಆ ಐದು ವರ್ಷವೂ ಅಕ್ಕಿಯ ಚೀಲ ನಮ್ಮ ಹೊಸ್ತಿಲು ದಾಟಲಿಲ್ಲ. ಜಗಲಿಯ ಮೇಲೆಯೇ ಅದನ್ನು ಬಿಚ್ಚಿಸಿ, ಮೊರಮೊರದಲ್ಲಿ ಅಕ್ಕಿಯನ್ನು ಒಳಗೆ ಹೊತ್ತು ಡಬ್ಬಕ್ಕೆ ತುಂಬುತ್ತಿದ್ದರು. ಖಾಲಿ ಚೀಲವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಿದ್ದರು. ನಡು ನೋಯುತ್ತದೆಂದು ಗೊಣಗುತ್ತಿದ್ದರು, ಆದರೆ ಬಿಡಲಿಲ್ಲ. ಅದೇಕೆಂದು ಅಪ್ಪ ಕೇಳಲಿಲ್ಲ. ನನಗೆ ಗೊತ್ತಿತ್ತು, ಒಂದು ದಿನವಾದರೂ ಮೊರ ಹಿಡಿಯಲು ನಾನು ಹೋಗಲಿಲ್ಲ.