ಒಂದೇ ಉಸಿರಿನ ಎರಡು ಮಾತು

ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದ 24ನೇ ವಚನ ಈಚೆಗೆ ನನ್ನನ್ನು ಬಿಡುತ್ತಿಲ್ಲ. ಮೂಗದೆವ್ವ ಹಿಡಿದ ಮಗನನ್ನು ಕರೆತಂದ ತಂದೆಯೊಬ್ಬ ಯೇಸುವಿನ ಮುಂದೆ ಕೂಗಿಕೊಂಡ ಮಾತು ಅದು. ತಾನು ನಂಬುತ್ತೇನೆ ಎಂದೂ ಅನ್ನುತ್ತಾನೆ, ತನ್ನ ಅಪನಂಬಿಕೆಗೆ ನೆರವು ಬೇಕೆಂದೂ ಬೇಡುತ್ತಾನೆ. ಎರಡೂ ಒಂದೇ ಉಸಿರಿನಲ್ಲಿ. ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದ ಕಥೆಯೇ. ಆದರೆ ಆಗ ನಮ್ಮ ಕಣ್ಣೆಲ್ಲ ದೆವ್ವದ ಮೇಲಿರುತ್ತಿತ್ತು, ಅಪ್ಪನ ಮೇಲಲ್ಲ.

ಈಗ ಅದು ನೆನಪಾಗುತ್ತಿರುವುದು ಒಬ್ಬ ತಾಯಿಯಿಂದ. ಅತ್ತೆಯ ಕೈನಡುಕ ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ನರರೋಗ ವಿಭಾಗದ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಆಕೆಯ ಜೊತೆ ಹನ್ನೊಂದು ವರ್ಷದ ಹುಡುಗನಿದ್ದ. ಅವನ ಬಲಗೈಯ ಚರ್ಮ ಮೊಣಕೈಯಿಂದ ಮಣಿಕಟ್ಟಿನವರೆಗೆ ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಫಿಟ್ಸ್ ಬಂದು ಒಲೆಯ ಮೇಲೆ ಬಿದ್ದದ್ದಂತೆ. ಅದಕ್ಕೆ ಕೆಲವು ದಿನ ಮುಂಚೆ ಒಂದು ಪ್ರಾರ್ಥನಾ ಕೂಟದಲ್ಲಿ ಬೋಧಕರು ಹುಡುಗನ ತಲೆಯ ಮೇಲೆ ಕೈಯಿಟ್ಟು, ವಾಸಿಯಾಯಿತು, ಇನ್ನು ಮಾತ್ರೆ ಕೊಟ್ಟರೆ ಕರ್ತನನ್ನು ಅವಮಾನಿಸಿದಂತೆ ಎಂದಿದ್ದರು. ಆಕೆ ಮಾತ್ರೆ ನಿಲ್ಲಿಸಿದರು. ಕೈ ಸುಟ್ಟ ಮೇಲೆ ಮತ್ತೆ ಹೋಗಿ ಕೇಳಿದಾಗ ಸಿಕ್ಕ ಉತ್ತರ: ತಾಯಿಯ ಮನಸ್ಸಿನಲ್ಲಿ ಸಂಶಯವಿತ್ತು.

“ಇದ್ದದ್ದು ನಿಜ ಅಕ್ಕ,” ಎಂದರು ಆಕೆ ನನಗೆ. “ಮಾತ್ರೆ ನಾನು ಬಿಸಾಕಿರ್ಲಿಲ್ಲ. ಬೈಬಲ್ ಕವರ್‌ನಲ್ಲಿ ಇಟ್ಕೊಂಡಿದ್ದೆ.”

ಕಪ್ಪು ಜಿಪ್ ಕವರಿನ ಬೈಬಲ್ ಅವರ ಮಡಿಲಲ್ಲೇ ಇತ್ತು. ಮಾತ್ರೆಯ ಪಟ್ಟಿ ಒತ್ತಿಕೊಂಡು ಒಳರಟ್ಟಿನ ಮೇಲೆ ಸಾಲು ಸಾಲು ಗುಳಿ ಮೂಡಿತ್ತು.

ಮನೆಗೆ ಬಂದು ಮಾರ್ಕನನ್ನು ಮತ್ತೆ ಓದಿದೆ. ಯೇಸು ಪೇತ್ರ, ಯಾಕೋಬ, ಯೋಹಾನರ ಜೊತೆ ಬೆಟ್ಟದಿಂದ ಇಳಿದು ಬರುತ್ತಾನೆ. ಕೆಳಗೆ ಜನಜಂಗುಳಿ. ಉಳಿದ ಶಿಷ್ಯರು ಹುಡುಗನನ್ನು ವಾಸಿಮಾಡಲು ಹೋಗಿ ಸೋತಿದ್ದಾರೆ, ಶಾಸ್ತ್ರಿಗಳು ಅವರೊಡನೆ ವಾದಕ್ಕೆ ನಿಂತಿದ್ದಾರೆ. ಹುಡುಗ ನಡುವೆ ಉಳಿದುಬಿಟ್ಟಿದ್ದಾನೆ. ಯೇಸು ತಂದೆಯನ್ನು ಕೇಳುವ ಪ್ರಶ್ನೆ ನಮ್ಮ ಡಾಕ್ಟರು ಕೇಳುವಂಥದ್ದೇ: ಇದು ಎಷ್ಟು ದಿನದಿಂದ? ಚಿಕ್ಕಂದಿನಿಂದ ಎನ್ನುತ್ತಾನೆ ಅಪ್ಪ, ಎಷ್ಟೋ ಸಲ ಬೆಂಕಿಗೂ ನೀರಿಗೂ ಬಿದ್ದಿದ್ದಾನೆ ಎನ್ನುತ್ತಾನೆ. ಮೂರ್ಛೆಯ ಮಗುವಿರುವ ಮನೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಲೆ, ಹಂಡೆ, ತೊಟ್ಟಿ, ಬಾವಿ ಎಲ್ಲವೂ ಅವರಿಗೆ ಶತ್ರುಗಳೇ.

ಆಮೇಲೆ ಆ ತಂದೆ ‘ಆಗುವುದಾದರೆ’ ಎಂಬರ್ಥದ ಒಂದು ಮಾತು ಸೇರಿಸಿ ನೆರವು ಕೇಳುತ್ತಾನೆ. ಯೇಸು ಆ ‘ಆಗುವುದಾದರೆ’ಯನ್ನೇ ಹಿಡಿದು ಅವನ ಕಡೆಗೆ ತಿರುಗಿಸುತ್ತಾನೆ. ಆಗ ಬರುವುದು ಆ ಕೂಗು.

ಇಲ್ಲಿ ಗ್ರೀಕ್ ಮೂಲದ ಒಂದು ಸೂಕ್ಷ್ಮವಿದೆ. ‘ನೆರವಾಗು’ ಎಂಬ ಕ್ರಿಯಾಪದ ಎರಡು ಸಲ ಬರುತ್ತದೆ, ಎರಡು ರೂಪದಲ್ಲಿ. 22ನೇ ವಚನದಲ್ಲಿ ಒಂದೇ ಸಲಕ್ಕೆ ಮುಗಿಯುವ ಕ್ರಿಯೆಯ ರೂಪ. 24ರಲ್ಲಿ ನಡೆಯುತ್ತಲೇ ಇರುವ ಕ್ರಿಯೆಯ ರೂಪ. ನಮ್ಮ ಕನ್ನಡಕ್ಕೆ ಈ ಭೇದ ಸಲೀಸು. ಮಗನ ರೋಗಕ್ಕೆ ‘ನೆರವಾಗಿಬಿಡು’. ತನ್ನ ಅಪನಂಬಿಕೆಗೆ ‘ನೆರವಾಗುತ್ತಿರು’. ಮಗನ ಕಾಯಿಲೆ ಇವತ್ತು ಮುಗಿದೀತು, ತನ್ನ ಒಳಗಿನದು ಇವತ್ತಿಗೇ ಮುಗಿಯುವಂಥದ್ದಲ್ಲ ಎಂದು ಆ ಅಪ್ಪನಿಗೆ ಗೊತ್ತಿತ್ತು ಎಂದೇ ನಾನು ಓದುತ್ತೇನೆ. ಮತ್ತಾಯನೂ ಲೂಕನೂ ಇದೇ ಪ್ರಸಂಗ ಬರೆದಿದ್ದಾರೆ. ಈ ಕೂಗು ಮಾತ್ರ ಅವರಲ್ಲಿಲ್ಲ. ಮಾರ್ಕನೊಬ್ಬ ಉಳಿಸಿಕೊಟ್ಟದ್ದಕ್ಕೆ ನಾನು ಅವನಿಗೆ ಋಣಿ.

ಇದನ್ನು ಮೆಟ್ಟಿಲಿನಂತೆ ವಿವರಿಸುವವರಿದ್ದಾರೆ: ಮೊದಲು ಅರೆನಂಬಿಕೆ, ಯೇಸು ಗದರಿದ ಮೇಲೆ ಪೂರ್ಣ ನಂಬಿಕೆ, ಆಮೇಲೆ ಅದ್ಭುತ. ಆದರೆ ಆ ಕೂಗಿಗೂ ವಾಸಿಗೂ ನಡುವೆ ತಂದೆಯ ಮನಸ್ಸು ಬದಲಾಯಿತೆಂದು ಮಾರ್ಕ ಒಂದಕ್ಷರವನ್ನೂ ಬರೆದಿಲ್ಲ. ಅರ್ಧ ಹೌದು, ಅರ್ಧ ಇಲ್ಲ ಎನ್ನುವ ಮನುಷ್ಯ ಹಾಗೆಯೇ ನಿಂತಿದ್ದಾಗಲೇ ಹುಡುಗ ವಾಸಿಯಾದ. ಇನ್ನು ಕೆಲವರು ಸಂಶಯವೇ ದೊಡ್ಡ ಗುಣವೆಂದು ಈ ವಚನವನ್ನು ಎತ್ತಿ ಹಿಡಿಯುತ್ತಾರೆ. ಅದೂ ಸುಳ್ಳು. ಆ ಅಪ್ಪ ತನ್ನ ಸಂಶಯವನ್ನು ಮೆರೆಸಲಿಲ್ಲ, ಅದರಿಂದ ನೊಂದ. ಸಂಶಯಪಡುವವನು ಸಮುದ್ರದ ಅಲೆಯಂತೆ ಎಂದು ಯಾಕೋಬನ ಪತ್ರಿಕೆ ಹೇಳುತ್ತದಲ್ಲ ಎಂದು ಕೇಳುವವರಿಗೆ, ಸಂಶಯಪಡುವವರಿಗೆ ಕರುಣೆ ತೋರಿಸಿ ಎನ್ನುವ ಯೂದನ ಪತ್ರಿಕೆಯೂ ಅದೇ ಬೈಬಲಿನಲ್ಲಿದೆ ಎನ್ನುತ್ತೇನೆ. ಪುನರುತ್ಥಾನವಾದ ಯೇಸುವನ್ನು ಕಣ್ಣೆದುರೇ ಕಂಡು ಆರಾಧಿಸುವಾಗಲೂ ಕೆಲವರು ಸಂಶಯಪಟ್ಟರು ಎಂದು ಮತ್ತಾಯನ ಕೊನೆಯ ಅಧ್ಯಾಯ ಹೇಳುತ್ತದೆ. ಯೇಸು ಅವರನ್ನು ಬೇರೆ ನಿಲ್ಲಿಸಲಿಲ್ಲ. ಎಲ್ಲ ಜನಾಂಗಗಳ ಬಳಿಗೆ ಹೋಗಿ ಎಂದು ಅವರನ್ನೂ ಸೇರಿಸಿಯೇ ಕಳಿಸಿದ.

ನನಗೆ ಮುಖ್ಯವಾದದ್ದು ಪ್ರಸಂಗದ ಕೊನೆ. ಮನೆಯೊಳಗೆ ಹೋದ ಮೇಲೆ ಶಿಷ್ಯರು, ನಮ್ಮಿಂದ ಯಾಕೆ ಆಗಲಿಲ್ಲ ಎಂದು ಕೇಳುತ್ತಾರೆ. ಮಾರ್ಕನಲ್ಲಿ ಯೇಸುವಿನ ಉತ್ತರ ಪ್ರಾರ್ಥನೆಯ ಕಡೆಗೆ ಬೊಟ್ಟು ಮಾಡುತ್ತದೆ. ಮತ್ತಾಯನಲ್ಲಿ ಶಿಷ್ಯರ ಅಲ್ಪವಿಶ್ವಾಸದ ಕಡೆಗೆ. ನಂಬಿಕೆಯಿಲ್ಲದ ಪೀಳಿಗೆ ಎಂಬ ಬೈಗುಳ ಅಲ್ಲಿ ಎಲ್ಲರಿಗೂ ಬಿದ್ದಿದೆ, ನಿಜ. ಆದರೆ ಸೋಲಿಗೆ ಕಾರಣ ಹೇಳುವಾಗ ತಪ್ಪು ಹೊತ್ತವರು ವಾಸಿಮಾಡಲು ಹೊರಟವರು. ಹುಡುಗನ ಅಪ್ಪನ ಹೆಸರೇ ಎತ್ತಲಿಲ್ಲ. ರೋಗಿಯ ತಾಯಿಯ ತಲೆಗೆ ಸಂಶಯದ ಹೊರೆ ಕಟ್ಟಿ ಕಳಿಸುವ ಬೋಧಕರು ಯಾವ ಸುವಾರ್ತೆ ಓದುತ್ತಾರೋ ನನಗೆ ತಿಳಿಯದು. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಆ ಮಗು ಕೈ ಮಾತ್ರ ಸುಟ್ಟುಕೊಂಡು ಉಳಿಯಿತು.

ಕಲ್ಕತ್ತೆಯ ಮದರ್ ತೆರೇಸಾರ ಪತ್ರಗಳು 2007ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷಕ್ಕೆ, ಪುಸ್ತಕವಾಗಿ ಬಂದಾಗ ಎಷ್ಟು ಗದ್ದಲ! ತಮ್ಮ ಗುರುಗಳಿಗೆ ಬರೆದು, ಸುಟ್ಟುಬಿಡಿ ಎಂದು ಕೇಳಿಕೊಂಡಿದ್ದ ಪತ್ರಗಳವು. ಬಡವರ ನಡುವೆ ಕೆಲಸ ಶುರುವಾದ ಕಾಲದಿಂದ ಹೆಚ್ಚುಕಡಿಮೆ ಐವತ್ತು ವರ್ಷ ಒಳಗೆ ಬರೀ ಕತ್ತಲೆ, ದೇವರು ಇದ್ದಾನೆಂಬ ಅನುಭವವೇ ಇಲ್ಲ. 1958ರಲ್ಲಿ ಕೆಲವು ವಾರ ಮಾತ್ರ ಸ್ವಲ್ಪ ಬೆಳಕು. ನೋಡಿ, ಆಕೆಗೆ ನಂಬಿಕೆಯೇ ಇರಲಿಲ್ಲ ಎಂದು ಒಂದು ಕಡೆಯವರು ಗೆದ್ದಂತೆ ಬರೆದರು. ಭಕ್ತರಲ್ಲಿ ಕೆಲವರಿಗೆ ಮುಜುಗರವಾಯಿತು. ನನಗೆ ಎರಡೂ ಅರ್ಥವಾಗಲಿಲ್ಲ. ಏನೂ ಕಾಣದ ಕತ್ತಲೆಯಲ್ಲೂ ಬೆಳಗಿನ ಪೂಜೆ ತಪ್ಪಿಸದೆ, ಸಾಯುವವರ ಗಾಯ ತೊಳೆಯುವುದನ್ನು ಬಿಡದೆ ಅಷ್ಟು ವರ್ಷ ನಡೆದದ್ದನ್ನು ಅಪನಂಬಿಕೆ ಎನ್ನುವುದಾದರೆ ನಂಬಿಕೆ ಎಂದು ಯಾವುದನ್ನು ಕರೆಯೋಣ? ‘ನೆರವಾಗುತ್ತಿರು’ ಎಂಬ ಆ ಅಪ್ಪನ ಮಾತನ್ನು ಆಕೆ ಅರ್ಧ ಶತಮಾನ ಹೇಳಿಕೊಂಡೇ ಬಂದರು.

ನಮ್ಮ ಸಭೆಗಳಲ್ಲಿ ಭಾನುವಾರ ಸಾಕ್ಷಿ ಹೇಳುವ ಹೊತ್ತು ಬಂದರೆ ಎದ್ದು ನಿಲ್ಲುವವರು ಕೆಲಸ ಸಿಕ್ಕವರು, ವೀಸಾ ಬಂದವರು, ಗಡ್ಡೆ ಕರಗಿದವರು. ಅವರ ಸಂತೋಷ ನನ್ನದೂ ಹೌದು. ಇನ್ನೂ ಕಾಯುತ್ತಿರುವವರಿಗೆ ಮಾತ್ರ ಅಲ್ಲಿ ಎದ್ದು ನಿಲ್ಲಲು ಜಾಗವಿಲ್ಲ. ಮೂರು ವರ್ಷದಿಂದ ಬೇಡುತ್ತಿದ್ದೇನೆ, ಉತ್ತರ ಬಂದಿಲ್ಲ, ಆದರೂ ಬಂದಿದ್ದೇನೆ ಎಂದು ಒಬ್ಬರು ಹೇಳಿದರೆ ಅಯ್ಯನವರು ಅವರನ್ನು ಸಮಾಧಾನಪಡಿಸಿ ಕೂರಿಸುವ ಬದಲು ಎಲ್ಲರೂ ಆಮೆನ್ ಅನ್ನುವ ದಿನ ಬರಬೇಕು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಅವತ್ತು ಬೆಂಚಿನಲ್ಲಿ ಆ ತಾಯಿಯ ಮೊಬೈಲಿನ ಅಲಾರಂ ಹೊಡೆಯಿತು, ಮಾತ್ರೆಯ ಹೊತ್ತು. ಕವರಿನ ಜಿಪ್ ಎಳೆದು ಪಟ್ಟಿ ತೆಗೆದರು, ಒಂದು ಮಾತ್ರೆ ಬಿಡಿಸಿ ಹುಡುಗನ ಅಂಗೈಗಿಟ್ಟು ನೀರಿನ ಬಾಟಲಿ ಕೊಟ್ಟರು. ಅವನು ನುಂಗುವವರೆಗೆ ಅವನ ತಲೆಯ ಮೇಲೆ ಕೈಯಿಟ್ಟು ತುಟಿ ಅಲ್ಲಾಡಿಸುತ್ತಿದ್ದರು.