ಅತಿಥಿಯ ಸಾಕ್ಷ್ಯ

ಬರ್ಲಿನ್ನಿನ ನೆಲದಡಿಯ ರೈಲು ನಿಲ್ದಾಣಗಳಿಗೆ ಗೇಟುಗಳಿಲ್ಲ. ಮೆಟ್ಟಿಲಿಳಿದರೆ ನೇರ ಪ್ಲಾಟ್‌ಫಾರ್ಮು. ಟಿಕೆಟ್ ಕೊಳ್ಳಬೇಕು, ಅಲ್ಲೇ ಇರುವ ಪುಟ್ಟ ಯಂತ್ರದ ಬಾಯಿಗಿಟ್ಟು ಮುದ್ರೆ ಒತ್ತಿಸಿಕೊಳ್ಳಬೇಕು, ಅಷ್ಟೆ. ಒತ್ತಿಸಿದಿರೋ ಇಲ್ಲವೋ ಎಂದು ಕೇಳುವವರು ಆ ಹೊತ್ತಿಗೆ ಯಾರೂ ಇರುವುದಿಲ್ಲ. ಬೆಂಗಳೂರಿನ ಮೆಟ್ರೋದಲ್ಲಿ ಬ್ಯಾಗು ತಪಾಸಣೆಗೆ ಕೊಟ್ಟು, ಕೈಯೆತ್ತಿ ನಿಂತು, ಆಮೇಲೆ ಗೇಟು ದಾಟಿ ರೂಢಿಯಾದವನಿಗೆ ಇದು ಎಷ್ಟು ವಿಚಿತ್ರ ಅನ್ನಿಸುತ್ತದೆ ಎಂದರೆ, ಮೊದಲ ದಿನ ನಾನು ಟಿಕೆಟನ್ನು ಇಳಿಯುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದೆ, ಯಾರಾದರೂ ಕೇಳಲಿ ಎಂದು. ಯಾರೂ ಕೇಳಲಿಲ್ಲ. ಇದು ಜನರನ್ನು ನಂಬುವ ಊರು ಎಂದು ಗೆಳೆಯನಿಗೆ ಹೇಳಿದೆ.

ಅವನು ಅಲ್ಲಿ ಒಂಬತ್ತು ವರ್ಷದಿಂದ ಇದ್ದಾನೆ. ನಕ್ಕ. "ನಂಬಿಕೆ ಎಲ್ಲಿಂದ ಬಂತು ಮಾರಾಯ, ಎಲ್ಲಾ ಲೆಕ್ಕ" ಅಂದ. ಮಾಮೂಲಿ ಬಟ್ಟೆಯಲ್ಲಿ ತಪಾಸಣೆಯವರು ಹತ್ತುತ್ತಾರೆ, ಟಿಕೆಟ್ ಇಲ್ಲದಿದ್ದರೆ 60 ಯೂರೊ. ಟಿಕೆಟ್ಟಿಲ್ಲದ ಪ್ರಯಾಣ ಜರ್ಮನಿಯ ದಂಡಸಂಹಿತೆಯ 265ಎ ಕಲಮಿನಡಿ ಅಪರಾಧವೂ ಹೌದು, ಒಂದು ವರ್ಷದವರೆಗೆ ಸಜೆಗೆ ಅವಕಾಶವಿದೆ. ನ್ಯಾಯಾಲಯ ಹಾಕಿದ ದಂಡ ಕಟ್ಟಲಾರದ ಬಡವರು ಅದಕ್ಕೆ ಬದಲಾಗಿ ಜೈಲಿನಲ್ಲಿ ದಿನ ಎಣಿಸುತ್ತಾರೆ. ಆ ಕಲಮು ಕಾನೂನಿಗೆ ಸೇರಿದ್ದು 1935ರಲ್ಲಿ, ನಾತ್ಸಿಗಳ ಆಳ್ವಿಕೆಯಲ್ಲಿ.

ಇಷ್ಟು ಕೇಳಿದ ಮೇಲೂ ನನ್ನ ಮಾತನ್ನು ನಾನು ಹಿಂತೆಗೆದುಕೊಳ್ಳಲಿಲ್ಲ. ಗೇಟು ಇಲ್ಲದಿರುವುದು ನಿಜ, ಜೈಲು ಇರುವುದೂ ನಿಜ. ಮೊದಲ ನೋಟವನ್ನು ನಾವು ತೆಳು ನೋಟವೆಂದು ಸುಲಭವಾಗಿ ತಳ್ಳಿಹಾಕುತ್ತೇವೆ. ಆದರೆ ನಾನು ಹೇಳುವವರೆಗೆ ಗೇಟು ಇಲ್ಲ ಎಂಬುದೇ ನನ್ನ ಗೆಳೆಯನಿಗೆ ಮರೆತುಹೋಗಿತ್ತು. ಇದ್ದು ಇದ್ದು ಕಣ್ಣು ಮಂದವಾಗುತ್ತದೆ. ಹೊಸಬನಿಗೆ ವಸ್ತು ಕಾಣುತ್ತದೆ, ಅದರ ಬೆಲೆ ಕಾಣುವುದಿಲ್ಲ. ನಿವಾಸಿಗೆ ಬೆಲೆ ಗೊತ್ತು, ವಸ್ತು ಮರೆತಿರುತ್ತದೆ. ಖಾಲಿ ಪ್ಲಾಸ್ಟಿಕ್ ಬಾಟಲಿ ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸು ಬರುತ್ತದೆ. ಎಷ್ಟು ಅಚ್ಚುಕಟ್ಟು ಎಂದು ನಾನು ಮೆಚ್ಚಿಕೊಳ್ಳುತ್ತಿದ್ದಾಗ, ಕಸದ ಡಬ್ಬಿಗಳಿಗೆ ಟಾರ್ಚು ಬಿಟ್ಟು ಬಾಟಲಿ ಹುಡುಕುತ್ತಿದ್ದ ಮುದುಕರೊಬ್ಬರನ್ನು ಅವನು ತೋರಿಸಿದ. ಅವರಿಗೆ ಸುಲಭವಾಗಲಿ ಎಂದು ಕೆಲವರು ಬಾಟಲಿಯನ್ನು ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಅದನ್ನು ಗಮನಿಸಿದ್ದು ನಾನು. ಹೀಗೆ ಇಬ್ಬರೂ ಸೇರಿ ನೋಡಿದರೆ ಊರು ಒಂದಿಷ್ಟು ಸಿಕ್ಕುತ್ತದೆ.

ಊರಿನ ವಿಷಯದಲ್ಲಿ ಇದು ಸರಿ. ಮನುಷ್ಯನ ವಿಷಯದಲ್ಲಿ?

ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಹೊರಡುವ ಮೊದಲು ಸಾಗರದಲ್ಲಿರುವ ಅವನ ಅಮ್ಮನನ್ನು ನೋಡಲು ಹೋಗಿದ್ದೆ. ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟು, "ಹೇಗಿದಾನೆ ಅಂತ ಸರಿಯಾಗಿ ನೋಡ್ಕೊಂಡು ಬಾರೋ. ಫೋನಲ್ಲಿ ಕೇಳಿದ್ರೆ ಎಲ್ಲದಕ್ಕೂ ಆರಾಮ್ ಅಂತಾನೆ" ಅಂದಿದ್ದರು. ಹಾಗಾಗಿ ನಾನು ಬರಿಯ ಪ್ರವಾಸಿಯಾಗಿ ಹೋಗಿರಲಿಲ್ಲ, ಸಾಕ್ಷಿಯಾಗಿ ಹೋಗಿದ್ದೆ. ಒಂಬತ್ತು ದಿನ ನೋಡಿದವನು ಒಂಬತ್ತು ವರ್ಷದ ಬಗ್ಗೆ ತಾಯಿಯೊಬ್ಬಳಿಗೆ ಏನು ಹೇಳಬಹುದು? ಹೇಳುವ ಹಕ್ಕಾದರೂ ಎಷ್ಟಿದೆ?

ಕಂಡದ್ದನ್ನು ಹೇಳುತ್ತೇನೆ. ಅವನ ಮನೆ ನೊಯ್‌ಕೋಲ್ನ್ ಎಂಬ ಬಡಾವಣೆಯಲ್ಲಿ, ನಾಲ್ಕನೇ ಮಹಡಿ. ಅಲ್ಲಿನ ಮನೆಗಳಿಗೆ ಸಾಮಾನ್ಯವಾಗಿ ನಂಬರು ಇರುವುದಿಲ್ಲ. ಕೆಳಬಾಗಿಲ ಕರೆಗಂಟೆಯ ಫಲಕದಲ್ಲಿ ಮನೆತನದ ಹೆಸರುಗಳಿರುತ್ತವೆ, ಅಂಚೆಯವರು ಅದನ್ನೇ ನೋಡಿ ಬರುತ್ತಾರೆ. ನಮ್ಮ ಕಡೆಯ ಎಷ್ಟೋ ಜನರಂತೆ ಅವನಿಗೂ ಮನೆತನದ ಹೆಸರು ಅಂತ ಒಂದಿಲ್ಲ, ಇನಿಶಿಯಲ್ ಮಾತ್ರ. ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗದಲ್ಲಿ ಅಪ್ಪನ ಹೆಸರು ಬಂತು. ಹಾಗಾಗಿ ಫಲಕದಲ್ಲಿರುವುದು ಅಪ್ಪನ ಹೆಸರು. ಆಫೀಸಿನ ಕಾಗದಗಳಲ್ಲಿ ಅದೇ, ಪಕ್ಕದ ಮನೆಯ ಅಜ್ಜಿ 'ಹೆರ್' ಸೇರಿಸಿ ಕರೆಯುವುದೂ ಅದೇ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಸಾಗರದ ಆಚೆ ಹೆಚ್ಚು ಹೋಗದಿದ್ದ ಮೇಷ್ಟರ ಹೆಸರು ಬರ್ಲಿನ್ನಿನಲ್ಲಿ ದಿನಾ ಕೂಗಿಸಿಕೊಳ್ಳುತ್ತಿದೆ. ಇದು ಅಮ್ಮನಿಗೆ ಹೇಳಬಹುದಾದ ಸಂಗತಿ ಎಂದು ಮನಸ್ಸಿನಲ್ಲಿ ಬರೆದುಕೊಂಡೆ.

ಭಾನುವಾರ ಬಂತು. ಅಂಗಡಿಗಳು ಮುಚ್ಚಿದ್ದವು. ಅಲ್ಲಿ ಭಾನುವಾರದ ವಿರಾಮಕ್ಕೆ ಸಂವಿಧಾನದ ರಕ್ಷಣೆಯೇ ಇದೆ. 1919ರ ವೈಮಾರ್ ಸಂವಿಧಾನದ ಆ ವಿಧಿಯನ್ನು 1949ರ ಮೂಲ ಕಾನೂನು ಹಾಗೇ ಉಳಿಸಿಕೊಂಡಿತು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಡ್ರಿಲ್ ಮಾಡುವಂತಿಲ್ಲ. ಏನು ಶಾಂತಿ ಅಂದೆ. "ಹೌದು, ಭಾನುವಾರ ಇಲ್ಲಿ ಉದ್ದ" ಅಂದ. ನವೆಂಬರಿನಲ್ಲಿ ಸಂಜೆ ನಾಲ್ಕು ದಾಟುತ್ತಲೇ ಕತ್ತಲು. ಆ ಮಾತನ್ನು ಅವನು ಮುಂದುವರಿಸಲಿಲ್ಲ, ಅಕ್ಕಿ ತೊಳೆಯಲು ಎದ್ದ. ಊಟದ ಮೇಜಿಗೆ ಎರಡು ಕುರ್ಚಿ. ಒಂದು ಮರದ್ದು, ಇನ್ನೊಂದು ಹಸಿರು ಬಣ್ಣದ ಮಡಚುವ ಕುರ್ಚಿ. ಅದೇನು ಜೋಡಿಯಲ್ಲವಲ್ಲ ಎಂದು ಕೇಳಿದ್ದಕ್ಕೆ, ನೀನು ಬರ್ತೀಯ ಅಂತ ಅಜ್ಜಿ ಮನೆಯಿಂದ ತಂದೆ ಅಂದ.

ನನಗೆ ವಿಷಯ ಹೊಳೆದದ್ದು ಆಗ. ಅತಿಥಿ ಇರುವ ಮನೆಯನ್ನು ಮಾತ್ರ ಅತಿಥಿ ನೋಡಬಲ್ಲ. ನಾನು ಕಂಡ ಒಂಬತ್ತು ದಿನವೂ ಅವನು ಒಂಟಿಯಾಗಿರಲಿಲ್ಲ, ಯಾಕೆಂದರೆ ನಾನಿದ್ದೆ. ರಜೆ ಹಾಕಿದ್ದ, ದಿನಾ ಸಾರು ಮಾಡಿದ, ರಾತ್ರಿ ಒಂದರವರೆಗೆ ಮಾತಾಡಿದ. ಅವನು ಒಂಟಿಯೇ ಎಂಬ ಪ್ರಶ್ನೆಗೆ ಇಡೀ ಜಗತ್ತಿನಲ್ಲಿ ಉತ್ತರ ಹೇಳಲಾಗದ ಒಬ್ಬನಿದ್ದರೆ ಅದು ನಾನು. ಇನ್ನೂ ಹತ್ತು ವಾರ ಇದ್ದರೂ ಆ ತೊಡಕು ಹಾಗೇ ಇರುತ್ತಿತ್ತು.

ನೇರವಾಗಿ ಕೇಳಬಹುದಿತ್ತು ಎನ್ನುತ್ತೀರಿ. ಕೇಳಿದರೆ "ಆರಾಮ್" ಎಂಬ ಉತ್ತರ ಸಿದ್ಧವಾಗಿತ್ತು, ಅಮ್ಮನಿಗೆ ಕೊಡುವುದೂ ಅದನ್ನೇ. ಆ ಪದವನ್ನು ಅವನು ಸುಳ್ಳಿಗಾಗಿ ಬಳಸುತ್ತಿದ್ದಾನೆಂದು ನಾನು ನಂಬುವುದಿಲ್ಲ. ಒಬ್ಬನ ಬದುಕಿನ ಬಾಗಿಲಿಗೆ ಅಷ್ಟು ಮರೆ ಇರಬೇಕಾದದ್ದೇ. ಕುರ್ಚಿ ಒಂದೇ ಇದೆಯೆಂದ ಮಾತ್ರಕ್ಕೆ ದುಃಖವಿದೆ ಎಂದು ತೀರ್ಮಾನಿಸುವುದೂ ಒಂದು ಬಗೆಯ ದರ್ಪ. ಒಬ್ಬನೇ ಕೂತು ನೆಮ್ಮದಿಯಾಗಿ ಉಣ್ಣುವವರನ್ನು ನಮ್ಮ ಸಮಾಜ ಇನ್ನೂ ಅನುಮಾನದಿಂದಲೇ ನೋಡುತ್ತದೆ. ಆ ಅನುಮಾನವನ್ನು ನಾನೂ ಸೂಟ್‌ಕೇಸಿನಲ್ಲಿ ಒಯ್ದಿರಬಹುದಲ್ಲ.

ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ಪ್ರವಾಸದ ಪುಸ್ತಕಕ್ಕೆ 'ಅಮೆರಿಕಾದಲ್ಲಿ ಗೊರೂರು' ಎಂದು ಹೆಸರಿಟ್ಟರು. ಗೊರೂರು ಅವರ ಹೆಸರೂ ಹೌದು, ಹಾಸನ ಜಿಲ್ಲೆಯ ಅವರ ಊರೂ ಹೌದು. ನೋಡುತ್ತಿರುವವರು ಯಾರು, ಎಲ್ಲಿಂದ ಬಂದವರು ಎಂಬುದನ್ನು ರಕ್ಷಾಪುಟದಲ್ಲೇ ಹೇಳಿಬಿಡುವ ಆ ಶೀರ್ಷಿಕೆ ನನಗೆ ಬಲು ಪ್ರಾಮಾಣಿಕವಾಗಿ ಕಾಣುತ್ತದೆ. ಸಾಕ್ಷಿ ಹೇಳುವವನು ತಾನು ನಿಂತ ಜಾಗವನ್ನೂ ಹೇಳಬೇಕು. ಎಷ್ಟು ದಿನ ನೋಡಿದೆ, ಯಾವ ಕುರ್ಚಿಯಲ್ಲಿ ಕೂತು ನೋಡಿದೆ ಎಂಬುದನ್ನೂ.

ವಾಪಸು ಬಂದ ಮೇಲೆ ಸಾಗರಕ್ಕೆ ಹೋದೆ. ಅಮ್ಮನಿಗೆ ಅವನು ಸುಖವಾಗಿದ್ದಾನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಕಂಡದ್ದನ್ನು ಒಂದೊಂದಾಗಿ ಹೇಳಿದೆ: ನಾನಿದ್ದಾಗ ದಿನಾ ಅಡುಗೆ ಮಾಡಿದ್ದು, ಉಪ್ಪಿನಕಾಯಿಯನ್ನು ಅಜ್ಜಿಗೂ ಸ್ವಲ್ಪ ಕೊಟ್ಟದ್ದು, ಗಂಟೆಯ ಫಲಕದಲ್ಲಿ ಮೇಷ್ಟರ ಹೆಸರಿದ್ದದ್ದು, ಭಾನುವಾರ, ಹಸಿರು ಕುರ್ಚಿ. ಹೆಸರಿನ ಮಾತಿಗೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಕುರ್ಚಿಯ ಮಾತಿಗೆ ಸುಮ್ಮನಾದರು. ಕಾಫಿ ತಂದುಕೊಟ್ಟ ಮೇಲೆ, "ಆ ಕುರ್ಚಿ ವಾಪಸ್ ಕೊಟ್ಟನಾ?" ಎಂದು ಕೇಳಿದರು. ನಾನು ಹೊರಟ ಬೆಳಿಗ್ಗೆ ಅದು ಅಲ್ಲೇ ಇತ್ತು ಎಂದೆ. ಆಮೇಲಿನದು ನನಗೆ ಗೊತ್ತಿಲ್ಲ ಎಂದೂ ಹೇಳಿದೆ.