ಜೇತನ ತೋಟ, ನನ್ನ ಹನ್ನೊಂದು ಹೆಸರು

*ಇಂದಿನ ಧಮ್ಮ ಚಿಂತನೆ*



ಹೋದ ಭಾನುವಾರ ಸಮ್ಮಾ ಆಜೀವದ ಪಾಠದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಓದಿದೆವು. ಆಯುಧ, ಮನುಷ್ಯರು, ಮಾಂಸ, ಮದ್ಯ, ವಿಷ. (ಮಾಂಸದ ಬಗ್ಗೆ ಸಣ್ಣ ಜಗಳವೇ ಆಯಿತು, ಅದು ಇರಲಿ.) ಎಲ್ಲರ ಜೊತೆ ನಾನೂ ತಲೆಯಾಡಿಸಿದೆ. ನನ್ನ ವ್ಯಾಪಾರ ಆ ಪಟ್ಟಿಯಲ್ಲಿ ಇಲ್ಲ ಎಂಬ ಸಮಾಧಾನಕ್ಕೆ ಆಡಿಸಿದ್ದೆ ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕ. 2018ರಲ್ಲಿ ನನ್ನ ಅಕ್ಕನ ಮಗ ಒಂದು ದಾರಿ ತೋರಿಸಿದ. ಬಹಳಷ್ಟು ವೆಬ್‌ಸೈಟ್ ಹೆಸರುಗಳ ಕೊನೆಗೆ ಒಂದು ದೇಶದ ಗುರುತಾಗಿ ಎರಡು ಅಕ್ಷರ ಇರುತ್ತವೆ. ಭಾರತಕ್ಕೆ ಡಾಟ್ ಇನ್. 2005ರಿಂದ ಅದು ಎಲ್ಲರಿಗೂ ಮುಕ್ತ, ಮೊದಲು ಬಂದವರಿಗೆ ಮೊದಲು. ವರ್ಷಕ್ಕೆ ಏಳುನೂರು ರೂಪಾಯಿ ಕಟ್ಟಿ ಹೆಸರು ಹಿಡಿದಿಟ್ಟರೆ, ಮುಂದೆ ಅದು ಬೇಕಾದವರು ನಮ್ಮನ್ನೇ ಕೇಳಬೇಕು. ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಕೆಟ್ಟ ಉದ್ದೇಶದಿಂದ ಹಿಡಿದರೆ ದೂರು ಕೊಟ್ಟು ಬಿಡಿಸಿಕೊಳ್ಳುವ ನಿಯಮ ಇದೆ. ಊರು, ಬೆಳೆ, ತಿಂಡಿಯ ಹೆಸರಿಗೆ ಆ ಭಯ ಕಡಿಮೆ. ಹಾಗೆ ಒಂಬತ್ತು ಡಾಟ್ ಇನ್, ಎರಡು ಡಾಟ್ ಐಓ ಹೆಸರು ಕೊಂಡೆ.

ನಿಜ ಹೇಳುತ್ತೇನೆ, ಬಹಳ ಖುಷಿಯಾಗಿತ್ತು. ಅಪ್ಪನಿಗೆ ಒಂದು ಗುಂಟೆ ಹೊಲ ಇರಲಿಲ್ಲ. ನಾನು ಬಾಡಿಗೆ ಮನೆ ಹುಡುಕುವಾಗ ಊರು ಯಾವುದು, ಮನೆದೇವರು ಯಾರು ಎಂದು ಸುತ್ತಿ ಬಳಸಿ ಕೇಳಿದವರೇ ಎಲ್ಲ. ಇಲ್ಲಿ ಹಣ ಕಟ್ಟಿದೆ, ಹೆಸರು ನನ್ನದಾಯಿತು, ಯಾರೂ ಏನೂ ಕೇಳಲಿಲ್ಲ. ಗಳಿಕೆಯ ನಾಲ್ಕು ಪಾಲಿನಲ್ಲಿ ಎರಡನ್ನು ವ್ಯವಹಾರಕ್ಕೆ ಹಾಕಬೇಕೆಂದು ಸಿಗಾಲೋವಾದ ಸುತ್ತದಲ್ಲೇ ಇದೆಯಲ್ಲ ಎಂದು ಹೆಂಡತಿಯ ಮುಂದೆ ಒಣಧೈರ್ಯವನ್ನೂ ತೋರಿಸಿದೆ.

2024ರಲ್ಲಿ ಒಂದು ಫೋನ್ ಬಂತು. ಪಕ್ಕದ ತಾಲ್ಲೂಕಿನ ಮಹಿಳಾ ಸಂಘವೊಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತದೆ. ಅವರ ಊರಿಗೆ ರೊಟ್ಟಿ ಸೇರಿಸಿದ ಹೆಸರು ನನ್ನ ಬಳಿ ಇತ್ತು. ಮಾತಾಡಿದ ಹುಡುಗನಿಗೆ ನಲವತ್ತು ಸಾವಿರ ಅಂದೆ. ಅವನ ಕೈಯಿಂದ ಫೋನ್ ತೆಗೆದುಕೊಂಡ ಅವನ ತಾಯಿ ಕೇಳಿದರು: “ಸರ್, ಅದು ನಮ್ಮೂರ ಹೆಸರಲ್ಲೇನ್ರೀ? ನಿಮ್ಮ ಹತ್ರ ಹ್ಯಾಂಗ ಬಂತ್ರೀ?”

ಆ ತಾಯಿ ಜಗಳಕ್ಕೆ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ವಿಚಾರ ಮಾಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಆಮೇಲೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಸಂಘದ ಫೇಸ್‌ಬುಕ್ ಪುಟ ತೆರೆದು ಅವರಿಗೆ ಎಷ್ಟು ಆರ್ಡರ್ ಬರುತ್ತದೆ ಎಂದು ನೋಡಿದೆ. ಪುಣೆಯಿಂದ, ಹೈದರಾಬಾದಿನಿಂದ ಆರ್ಡರ್ ಇದ್ದವು. ನೋಡಿ ಸಂತೋಷವಾಯಿತು. ಇನ್ನೊಬ್ಬರ ಏಳಿಗೆ ಕಂಡು ಸಂತೋಷಪಡುವುದಕ್ಕೆ ನಾವು ಮುದಿತಾ ಎನ್ನುತ್ತೇವೆ. ನನಗೆ ಬಂದದ್ದು ಹೊರಗಿನಿಂದ ಥೇಟ್ ಹಾಗೇ ಇತ್ತು. ಒಳಗೆ ನಲವತ್ತರ ಬದಲು ಅರವತ್ತು ಕೇಳಬಹುದಿತ್ತು ಎಂಬ ಲೆಕ್ಕ ನಡೆದಿತ್ತು. ಅವರು ಬೆಳಗಿನ ನಾಲ್ಕಕ್ಕೆ ಎದ್ದು ಬಡಿದ ಒಂದೊಂದು ರೊಟ್ಟಿಯೂ ನಾನು ಏನೂ ಮಾಡದ ಹೆಸರಿನ ಬೆಲೆ ಏರಿಸುತ್ತಿತ್ತು. ಮಹಾಚತ್ತಾರೀಸಕ ಸುತ್ತದಲ್ಲಿ ತಪ್ಪು ಜೀವನೋಪಾಯದ ಬೇರೊಂದು ಪಟ್ಟಿ ಇದೆ. ಅದರ ಕೊನೆಯದು ಲಾಭದಿಂದ ಲಾಭವನ್ನು ಅರಸುವುದು. ಭಿಕ್ಖುಗಳಿಗೆ ಹೇಳಿದ ಮಾತು ಎಂದು ತಪ್ಪಿಸಿಕೊಳ್ಳಬಹುದು. ಅಂದು ರಾತ್ರಿ ನನಗೆ ತಪ್ಪಿಸಿಕೊಳ್ಳಲು ಆಗಲಿಲ್ಲ.

ಅಕ್ಕನ ಮಗ ಒಪ್ಪಲಿಲ್ಲ. “ಮಾಮಾ, ರಿಂಗ್ ರೋಡ್ ಬರೂಕಿಂತ ಮೊದಲ ಗೌಡ್ರು ಪ್ಲಾಟ್ ಹಿಡದ್ರು. ಅವರಿಗೆ ಯಾರೂ ಪಾಪ ಅನ್ನಲಿಲ್ಲ. ನಾವು ಏಳುನೂರು ರೂಪಾಯಿ ಹಾಕಿದ್ರ ಮಾತ್ರ ಬುದ್ಧ ನೆನಪಾಗ್ತಾನೇನು?” ಈ ಮಾತಿಗೆ ಇವತ್ತಿಗೂ ನನ್ನಲ್ಲಿ ಪೂರಾ ಉತ್ತರ ಇಲ್ಲ. ಬಾಬಾಸಾಹೇಬರು ಅರ್ಥಶಾಸ್ತ್ರ ಓದಿದವರು, ನಮ್ಮನ್ನು ಬಡವರಾಗಿಯೇ ಇರಿ ಎಂದವರಲ್ಲ. ಗೌಡರ ಪ್ಲಾಟಿನಿಂದ ನಮ್ಮವರು ಪಟ್ಟ ಕಷ್ಟವನ್ನು ಆ ತಾಯಿ ನನ್ನಿಂದ ಪಡಬೇಕೇ ಎಂದಷ್ಟೇ ಕೇಳಿದೆ. ಅವನು ಸುಮ್ಮನಾದ, ಒಪ್ಪಿದನೆಂದು ಹೇಳಲಾರೆ.

ಆಗ ಜೇತವನದ ಕಥೆ ನೆನಪಾಯಿತು. ಅನಾಥಪಿಂಡಿಕ ತೋಟ ಕೇಳಿದಾಗ ಜೇತ ರಾಜಕುಮಾರ, ನೆಲದ ತುಂಬ ಚಿನ್ನದ ನಾಣ್ಯ ಹಾಸಿದರೂ ಕೊಡೆನೆಂದ. ಬಾಯಿಂದ ಬೆಲೆ ಬಂದಮೇಲೆ ಮಾರಿದಂತೆಯೇ ಎಂದು ನ್ಯಾಯ ಹೇಳುವವರು ತೀರ್ಪು ಕೊಟ್ಟರು. ಗಾಡಿಗಳಲ್ಲಿ ಚಿನ್ನ ಬಂತು. ನಾವು ಸದಾ ಅನಾಥಪಿಂಡಿಕನ ದಾನವನ್ನು ಹೊಗಳುತ್ತೇವೆ. ನಾನು ಈ ಸಲ ಜೇತನನ್ನು ನೋಡಿದೆ, ಏಕೆಂದರೆ ನಲವತ್ತು ಸಾವಿರ ಅಂದವನು ನಾನು. ಬಾಗಿಲ ಹತ್ತಿರ ಸ್ವಲ್ಪ ನೆಲಕ್ಕೆ ಚಿನ್ನ ಸಾಲಲಿಲ್ಲ. ಇನ್ನಷ್ಟು ತನ್ನಿ ಎಂದು ಅನಾಥಪಿಂಡಿಕ ಹೇಳುವಾಗ ಜೇತ ತಡೆದ, ಇದು ಸಾಮಾನ್ಯ ಕೆಲಸ ಅಲ್ಲವೆಂದು ಅವನಿಗೆ ತಿಳಿದಿತ್ತು. ಆ ಜಾಗವನ್ನು ತಾನೇ ಕೊಟ್ಟು ಅಲ್ಲಿ ದ್ವಾರ ಕಟ್ಟಿಸಿದ. ಸುತ್ತಗಳಲ್ಲಿ ಇಂದಿಗೂ ಇಬ್ಬರ ಹೆಸರೂ ಇದೆ.

ಮರುದಿನ ಆ ಹುಡುಗನಿಗೆ ಫೋನ್ ಮಾಡಿದೆ. ಪುಕ್ಕಟೆ ಕೊಟ್ಟೆ ಎಂದು ಇಲ್ಲಿ ಬರೆಯುವ ಆಸೆ ಇದೆ, ಆದರೆ ಕೊಡಲಿಲ್ಲ. ಆರು ವರ್ಷ ಕಟ್ಟಿದ 4,200 ರೂಪಾಯಿ ತೆಗೆದುಕೊಂಡು ಹೆಸರು ಬರೆದುಕೊಟ್ಟೆ. ಉಳಿದ ಡಾಟ್ ಇನ್‌ಗಳಲ್ಲಿ ಊರ ಹೆಸರಿನವುಗಳನ್ನು ನವೀಕರಿಸದೆ ಬಿಟ್ಟೆ.

ಡಾಟ್ ಐಓ ಕಥೆ ಬೇರೆ. ಈ ಎರಡಕ್ಷರಗಳಿಂದ ಕೆಲವು ಸಣ್ಣ ನಾಡುಗಳಿಗೆ ಒಳ್ಳೆಯದೂ ಆಗಿದೆ. ತುವಾಲು ದ್ವೀಪದವರು ಡಾಟ್ ಟಿವಿ ಹಕ್ಕು ಕೊಟ್ಟು ಬಂದ ಹಣದ ಬಲದಿಂದ 2000ದಲ್ಲಿ ವಿಶ್ವಸಂಸ್ಥೆ ಸೇರಿದರು. ಅಂಗ್ವಿಲಾಗೆ ಡಾಟ್ ಎಐಯಿಂದ 2023ರಲ್ಲಿ ಸುಮಾರು 3.2 ಕೋಟಿ ಡಾಲರ್ ಬಂತು, ಅಲ್ಲಿನ ಸರ್ಕಾರದ ಆದಾಯದ ಐದನೇ ಒಂದಕ್ಕಿಂತ ಹೆಚ್ಚು. ಡಾಟ್ ಐಓ ನಮ್ಮ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳದ್ದು. ತೆಂಗಿನ ತೋಟಕ್ಕೆ ಗುಲಾಮರಾಗಿ, ಕೂಲಿಗಳಾಗಿ ತಂದವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದರು. ಅಮೆರಿಕದ ಸೇನಾ ನೆಲೆಗಾಗಿ ಬ್ರಿಟಿಷರು 1968ರಿಂದ 1973ರ ನಡುವೆ ಅವರನ್ನೆಲ್ಲ ಹೊರಹಾಕಿದರು. ಅವರ ನಾಯಿಗಳನ್ನೂ ಹಿಡಿದು ಕೊಂದರು. ಕಾಗದದಲ್ಲಿ ಮಾತ್ರ ಅಲ್ಲಿ ಖಾಯಂ ನಿವಾಸಿಗಳೇ ಇಲ್ಲ, ಬಂದುಹೋಗುವ ಕೂಲಿಗಳು ಎಂದಿತ್ತು. ಆ ನಾಡಿನ ಗುರುತನ್ನು ಸಾಫ್ಟ್‌ವೇರ್ ಜಗತ್ತು ಮೆಚ್ಚಿ ಕೊಂಡಿತು. ಅದರ ಹಣದಲ್ಲಿ ತಮಗೆ ಪಾಲು ಸಿಕ್ಕಿಲ್ಲ ಎಂಬುದು ಆ ಜನರ ದೂರು.

ಇದು ನನಗೆ ತಿಳಿದದ್ದು ಒಂದನ್ನು ಮಾರಿದ ಮೇಲೆ. 2021ರಲ್ಲಿ 35,000 ಬಂತು, ಮಗಳ ನರ್ಸಿಂಗ್ ಕಾಲೇಜಿನ ಫೀಸಿಗೆ ಹೋಯಿತು. ಅವಳು ಈಗ ಕೆಲಸದಲ್ಲಿದ್ದಾಳೆ. ಆ ಹಣ ಯಾರಿಂದ ಯಾರಿಗೆ ಬಂತು, ಕೊಡದೆ ತೆಗೆದುಕೊಂಡದ್ದರಲ್ಲಿ ನನ್ನ ಪಾಲು ಎಷ್ಟು ಎಂದು ಲೆಕ್ಕ ಹಾಕಲು ಕೂತರೆ ತಲೆ ತಿರುಗುತ್ತದೆ.

ಇನ್ನೊಂದು ಡಾಟ್ ಐಓ ನನ್ನ ಬಳಿ ಇದೆ. ಬಿಟ್ಟುಕೊಟ್ಟರೆ ಬೇರೆ ಯಾರೋ ಹಿಡಿಯುತ್ತಾರೆ, ದ್ವೀಪದವರಿಗೆ ಏನೂ ಸಿಗುವುದಿಲ್ಲ. ಇಟ್ಟುಕೊಂಡರೂ ಅವರಿಗೆ ಏನೂ ಇಲ್ಲ. ಅದರ ಗಡುವು ಜೂನ್ ಕೊನೆಗೆ. ಭಾನುವಾರ ಸೇರಿದಾಗ ನಿಮ್ಮ ಅಭಿಪ್ರಾಯ ಹೇಳಿ, ಬೈಯುವುದಿದ್ದರೂ ಬೈಯಿರಿ.

ಜೈ ಭೀಮ್.